ಬಣ್ಣ ತೆಗೆದ ಬೋನು

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಬಂದ್ಯೋಡಿನ ನನ್ನ ವೆಲ್ಡಿಂಗ್ ಶಾಪಿನಿಂದ ಹೋದ ಗೇಟು ಜೋತುಬಿತ್ತು ಎಂದು ಯಾರೂ ದೂರು ಹೇಳಿ ಬಂದದ್ದಿಲ್ಲ. ಹಾಗಾಗಿ ಆ ಬೋನಿನ ವಿಷಯ ಹೇಳುವುದು ನನಗೆ ಈಗಲೂ ಸ್ವಲ್ಪ ಕಷ್ಟ.

ಆಗ ನಮ್ಮ ಕಡೆ ಬೀದಿಯ ಪ್ರಾಣಿಗಳನ್ನು ನೋಡಿಕೊಳ್ಳುವವರು ಇಬ್ಬರಿದ್ದರು. ಹೊಸಂಗಡಿಯ ಹತ್ತಿರ ನಿವೃತ್ತ ನರ್ಸ್ ಒಬ್ಬರು, ನಾವೆಲ್ಲ ಬಾಯಮ್ಮ ಎನ್ನುತ್ತಿದ್ದವರು, ಹಿಂದಿನ ಜಗಲಿಗೆ ಬಲೆ ಕಟ್ಟಿ ಬೆಕ್ಕುಗಳನ್ನು ಇಟ್ಟುಕೊಂಡಿದ್ದರು. ನೆಕ್ರಾಜೆಯಲ್ಲಿ ಒಬ್ಬ ಕೃಷಿಕರು ಖಾಲಿ ಬಿದ್ದ ದನದ ಹಟ್ಟಿಯನ್ನು ನಾಯಿಗಳಿಗೆ ಬಿಟ್ಟುಕೊಟ್ಟಿದ್ದರು. ಬಾಯಮ್ಮನ ಗೇಟಿನೆದುರು ಯಾರಾದರೂ ನಾಯಿಮರಿ ಬಿಟ್ಟುಹೋದರೆ ಅದು ನೆಕ್ರಾಜೆಗೆ. ಅಲ್ಲಿ ಗೋಣಿಯಲ್ಲಿ ಬೆಕ್ಕಿನ ಮರಿ ಸಿಕ್ಕಿದರೆ ಹೊಸಂಗಡಿಗೆ. ಇಬ್ಬರಿಗೂ ಪ್ರಾಣಿಗಳ ಡಾಕ್ಟರು ಒಬ್ಬರೇ, ನಾಯಿ ಹಿಡಿಯುವ ಬೋನೂ ಒಂದೇ. ಅದರ ತಳ ತುಕ್ಕು ಹಿಡಿದು ಕಳಚಿಕೊಂಡಾಗ ಇಬ್ಬರೂ ಒಟ್ಟಿಗೆ ನನ್ನಲ್ಲಿಗೆ ಬಂದರು.

ಅವಸರವಿತ್ತು. ನನ್ನ ಶಾಪಿನ ಮುಂದಿನ ತಗಡಿನ ಮಾಡಿನ ಕೆಳಗೆ ಮಲಗುತ್ತಿದ್ದ ಕಂದು ಹೆಣ್ಣುನಾಯಿ ಎಲ್ಲೋ ಹಂದಿಗೆ ಇಟ್ಟ ಉರುಳಿಗೆ ಸಿಕ್ಕಿ, ತಂತಿ ತುಂಡುಮಾಡಿಕೊಂಡು ಬಂದಿತ್ತು. ಕುತ್ತಿಗೆಯಲ್ಲಿ ಉಳಿದ ತಂತಿ ಮಾಂಸಕ್ಕೆ ಇಳಿದು ಹುಳವಾಗಿತ್ತು. ನಾನು ಹಾಕಿದ ಅನ್ನ ತಿಂದು ಬೆಳೆದ ನಾಯಿ, ಈಗ ನಾನು ಒಂದು ಹೆಜ್ಜೆ ಮುಂದಿಟ್ಟರೆ ರಸ್ತೆ ದಾಟಿ ಓಡುತ್ತಿತ್ತು. ಡಾಕ್ಟರು ದೂರದಿಂದಲೇ ನೋಡಿ, "ಎರಡು ಮೂರು ದಿನದಲ್ಲಿ ಹಿಡಿಯದಿದ್ದರೆ ಉಳಿಯುವುದಿಲ್ಲ," ಎಂದರು.

ಬೇರೆ ಕೆಲಸ ಬದಿಗಿಟ್ಟು ಒಂದೇ ದಿನದಲ್ಲಿ ಹೊಸ ಬೋನು ಮಾಡಿ ಮುಗಿಸಿದೆ. ಹಲಗೆ ತುಳಿದರೆ ಬಾಗಿಲು ಬೀಳಬೇಕು. ಬೆರಳಾಡಿಸಿದರೂ ಜಾಯಿಂಟು ತಾಗಬಾರದು. ಬಣ್ಣ ಕೊಡದೆ ಮಾಲು ಹೊರಗೆ ಕಳಿಸುವ ಅಭ್ಯಾಸ ನನಗಿಲ್ಲ. ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದು ಮೇಲೆ ಹಸಿರು ಪೇಂಟು ಹೊಡೆದೆ.

ಮರುದಿನ ಬೋನನ್ನು ಶಾಪಿನೆದುರು ಇಟ್ಟು, ಒಳಗೆ ಕೋಳಿ ಮಾಂಸ ಹಾಕಿದೆವು. ನಾಯಿ ಬಂದು ಬಾಗಿಲಲ್ಲಿ ಮೂಗಿಟ್ಟು, ಸೀನಿ, ಹೋಯಿತು. ಮಧ್ಯಾಹ್ನವೂ ಅದೇ.

"ಬೋನು ಭಾರೀ ಚಂದ ಉಂಟು," ಎಂದರು ನೆಕ್ರಾಜೆಯವರು. "ಮದುವೆಗೆ ಉಡುಗೊರೆ ಕೊಡ್ಬಹುದು."

"ಇದ್ರಲ್ಲಿ ತಪ್ಪೆಂತ ಉಂಟು ಅಣ್ಣಾ?"

"ತಪ್ಪಿಲ್ಲ ಮಾರಾಯ. ಪೇಂಟಿನ ವಾಸನೆ. ನಾಯಿ ನಿನ್ನ ಕೆಲ್ಸ ನೋಡುದಲ್ಲ, ಮೂಸುದು."

"ಪೇಂಟಿಲ್ಲದೆ ಕೊಟ್ರೆ ನೋಡಿದವ್ರು ಎಂತ ಹೇಳಿಯಾರು?"

ಬಾಯಮ್ಮ ರಸ್ತೆಯಾಚೆ ತಲೆ ತಗ್ಗಿಸಿ ನಿಂತ ನಾಯಿಯನ್ನೇ ನೋಡುತ್ತಿದ್ದರು. "ನೋಡುವವ್ರು ಬೋನಿನ ಒಳಗೆ ಹೋಗುದಿಲ್ಲ ಅಲ್ವಾ," ಎಂದರು.

ನಾನು ಗ್ರೈಂಡರಿಗೆ ತಂತಿಯ ಬ್ರಶ್ ಸಿಕ್ಕಿಸಿ, ಹಿಂದಿನ ದಿನ ಹೊಡೆದ ಹಸಿರನ್ನೆಲ್ಲ ಕಬ್ಬಿಣ ಕಾಣುವವರೆಗೆ ಕೆರೆದು ತೆಗೆದೆ. ಹೊಡೆಯುವುದಕ್ಕಿಂತ ತೆಗೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಬಾಯಮ್ಮ ಬೂದಿ ಹಾಕಿ ತಿಕ್ಕಿದರು. ಮೀನು ಮಾರುಕಟ್ಟೆಯಿಂದ ಬಕೆಟಿನಲ್ಲಿ ಮೀನು ತೊಳೆದ ನೀರು ತಂದು ಸುರಿದೆವು. ನೆಕ್ರಾಜೆಯವರು ಹಟ್ಟಿಯಲ್ಲಿ ಅವರ ನಾಯಿಗಳು ಮಲಗುವ ಗೋಣಿಯನ್ನು ತಂದು ಒಳಗೆ ಹಾಸಿದರು. ನನ್ನ ಶಾಪಿನಿಂದ ಅಂಥ ಕೊಳಕು ವಸ್ತು ಹಿಂದೆಂದೂ ಹೊರಗೆ ಹೋದದ್ದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಶಟರ್ ಎತ್ತುತ್ತಿದ್ದಾಗ ಬೋನಿನ ಬಾಗಿಲು ಬಿದ್ದ ಸದ್ದಾಯಿತು. ನಾಯಿ ಒಳಗಿತ್ತು.

ಡಾಕ್ಟರು ಮಂಪರಿನ ಇಂಜೆಕ್ಷನ್ ಕೊಟ್ಟರು. ಅವರ ಕತ್ತರಿಗೆ ಉರುಳಿನ ತಂತಿ ಜಗ್ಗಲಿಲ್ಲ. ನನ್ನ ಕಟರ್ ತಂದು, ಚರ್ಮಕ್ಕೆ ತಾಗದ ಹಾಗೆ, ಒಂದೇ ಸಲಕ್ಕೆ ಕತ್ತರಿಸಿದೆ. ನಾಯಿ ನೆಕ್ರಾಜೆಯ ಹಟ್ಟಿಗೆ ಹೋಯಿತು. ಬಾಯಮ್ಮ ದಿನಾ ಬಸ್ಸಿನಲ್ಲಿ ಹೋಗಿ ಗಾಯ ತೊಳೆದರು. ತಿಂಗಳು ಕಳೆದ ಮೇಲೆ ಅದು ನನ್ನ ಮಾಡಿನ ಕೆಳಗೆ ವಾಪಸು ಬಂತು. ಕೈಗೂ ಸಿಗುತ್ತಿತ್ತು, ನಾನು ಪೇಂಟಿನ ಡಬ್ಬಿ ತೆರೆಯುವವರೆಗೆ. ಡಬ್ಬಿ ತೆರೆದರೆ ಎದ್ದು ಆಚೆ ಬದಿಗೆ ಹೋಗಿ ಮಲಗುತ್ತಿತ್ತು.