ನನ್ನ ತಲೆ, ನಾದಿನಿ ತಂದ ಕೂದಲು

ಮಗನ ಮದುವೆಗೆ ವಾರವಿದೆ ಎನ್ನುವಾಗ ನನ್ನ ಜಡೆಯನ್ನು ಕತ್ತರಿಸಿದರು. ಯಾಕೆ ಅಂತೀರಾ? ದುಡ್ಡು ಕೊಟ್ಟು ತಂದ ಕೂದಲಿಗೆ ಅದು ಮ್ಯಾಚ್ ಆಗಲಿಲ್ಲವಂತೆ!

ಕಳೆದ ವರ್ಷ ಟೈಫಾಯ್ಡ್ ಬಂದಿತ್ತು. ಹೋಗುವಾಗ ನನ್ನ ನಡುನೆತ್ತಿಯ ಕೂದಲನ್ನೂ ಕರೆದುಕೊಂಡು ಹೋಯಿತು. ಸುತ್ತ ಕೂದಲಿದೆ, ಹಿಂದೆ ಜಡೆಯಿದೆ, ನೆತ್ತಿ ಮಾತ್ರ ಬಯಲು. ಬೇಸರವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದಷ್ಟು ದಿನ ಅತ್ತೆ, ಆಮೇಲೆ ಸೆರಗು ಹೊದ್ದೆ, ಆಮೇಲೆ ಮರೆತೆ. (ಜೀವ ಉಳಿದಿತ್ತಲ್ಲ!) ಆದರೆ ಚನ್ನಗಿರಿಯ ನಾದಿನಿ ಮರೆಯಬೇಕಲ್ಲ?

"ಅತ್ತಿಗೇರೆ, ಬೀಗರ ಮುಂದೆ ಹಿಂಗೇ ನಿಂತ್ಕಂಡ್ರೆ ಹೆಂಗೆ? ಫೋಟೋ ತೆಗಿತಾರ್ರೀ!"

ಆನ್‌ಲೈನಿನಲ್ಲಿ ಒಂದು ಕೂದಲ ತೇಪೆ ತರಿಸಿದಳು. ಹೊನ್ನಾಳಿಯ ಪಾರ್ಲರಿಗೆ ನನ್ನನ್ನು ಎಳೆದೊಯ್ದಳು.

ತೇಪೆಯದು ಕಡುಗಪ್ಪು, ನೆಟ್ಟಗಿನ, ಭುಜದುದ್ದದ ಕೂದಲು. ನನ್ನದು ಗುಂಗುರು, ಅಲ್ಲಲ್ಲಿ ಬಿಳಿ, ಸೊಂಟದವರೆಗೆ. ಪಾರ್ಲರಿನಾಕೆ ಅದನ್ನು ನೆತ್ತಿಗೆ ಕ್ಲಿಪ್ ಹಾಕಿ ಕೂರಿಸಿದಳು. ಹಲ್ಲಿರುವ ಕತ್ತರಿಯಿಂದ ತುದಿಗಳನ್ನು ತೆಳ್ಳಗೆ ಮಾಡಿದಳು. ಹಣೆಯ ಮೇಲಿನ ನನ್ನ ನಾಲ್ಕೆಳೆ ಕೂದಲನ್ನು ಅದರ ಮೇಲೆ ಬಾಚಿದಳು. ಊಹೂಂ, ನನ್ನದೆಲ್ಲಿ, ತಂದದ್ದೆಲ್ಲಿ ಎನ್ನುವುದು ಎದ್ದು ಕಾಣುತ್ತಲೇ ಇತ್ತು. ಆಗ ಕತ್ತರಿ ನನ್ನ ಜಡೆಗೆ ಬಂತು.

"ನಿಮ್ದು ಭಾಳ ಉದ್ದ ಆತ್ರೀ ಮೇಡಂ. ಬ್ಲೆಂಡ್ ಆಗಾಕೆ ಕತ್ತರಿಸ್ಲೇಬೇಕು."

ನಾನು ಬಾಯಿ ತೆರೆಯುವಷ್ಟರಲ್ಲಿ ಕಚಕ್! ಮೇಲೆ ಬಣ್ಣ ಬಿತ್ತು, ಗುಂಗುರಿಗೆ ಇಸ್ತ್ರಿಯೂ ಆಯಿತು. ಅಲ್ಲಾ ಸ್ವಾಮಿ, ಹುಟ್ಟಿದಾಗಿನಿಂದ ಜೊತೆಗಿದ್ದ ಕೂದಲು, ನಿನ್ನೆ ಕೊರಿಯರಿನಲ್ಲಿ ಬಂದ ಕೂದಲಿಗೆ ಅಡ್ಜಸ್ಟ್ ಆಗಬೇಕೇ?

"ಎಣ್ಣೆ ಮಾತ್ರ ತಾಗಿಸ್ಬ್ಯಾಡ್ರಿ. ಗಂಟಾಗಿ ಹಾಳಾಗ್ತೈತೆ" ಎಂದಳು ಆಕೆ. ನಾವಿಬ್ಬರೂ ತಲೆಯಾಡಿಸಿ ಬಂದೆವು. (ಬುದ್ಧಿವಂತರು!)

ಮದುವೆ ಮನೆಯಲ್ಲಿ ಎಣ್ಣೆ ತಾಗದ ತಲೆ ಇರುತ್ತದೆಯೇ? ನಮ್ಮಲ್ಲಿ ಸುರಗಿ ಶಾಸ್ತ್ರವಿದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗನನ್ನೂ ಅವನ ತಾಯಿಯನ್ನೂ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಇಬ್ಬರು ಹೆಂಗಸರಿಗೆ ಇದು ನೆನಪೇ ಆಗಲಿಲ್ಲ ನೋಡಿ.

ನ್ಯಾಮತಿಯ ನಮ್ಮ ಅಂಗಳ ತುಂಬಾ ಜನ. ಬಸವಾಪಟ್ಟಣದ ದೊಡ್ಡಮ್ಮ ಎಣ್ಣೆ ಬಟ್ಟಲು ಹಿಡಿದು ಬಂದರು. ನಾನು ಗಾಬರಿಯಾಗಿ ಅವರ ಕೈ ಹಿಡಿದುಕೊಂಡೆ.

"ಎಣ್ಣೆ ಬ್ಯಾಡ ಅಂದ್ರೆ ಏನವ್ವ? ಹಡೆದಾಕಿ ಒಣತಲೇಲಿ ಕುಂದ್ರಾಕೆ ಬರ್ತೈತಾ?"

ನಾದಿನಿ ಓಡಿ ಬಂದು ಕಿವಿಯಲ್ಲಿ ಹೇಳಿದಳು: "ನೀವು ಎದ್ದು ಬರ್ರಿ ಅತ್ತಿಗೇರೆ. ನಿಮ್ಮ ಬದ್ಲಿ ನಾನೇ ಕುಂದರ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತವಳು ನಾನು, ಕೂರುವುದು ಇವಳು? ಒಂದು ತೇಪೆ ಉಳಿಸುವುದಕ್ಕೆ? ಕ್ಲಿಪ್ಪುಗಳನ್ನು ಕಿತ್ತೆ. ಕೂದಲನ್ನು ಅವಳ ಕೈಗೆ ಕೊಟ್ಟೆ. ಅಂಗಳದವರೆಲ್ಲ ನನ್ನ ನೆತ್ತಿ ನೋಡಿದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಪಕ್ಕದಲ್ಲಿದ್ದ ಮಗ ನನ್ನ ಕೈ ಹಿಡಿದುಕೊಂಡ.

"ಇಷ್ಟೇ ಏನು? ನಿಂಗೆ ಜ್ವರ ಬಂದಿದ್ದು ಊರಿಗೇ ಗೊತ್ತೈತೆ. ಬಗ್ಗು" ಎಂದ ದೊಡ್ಡಮ್ಮ ಬೊಗಸೆ ಎಣ್ಣೆ ಸುರಿದರು. ಬೋಳು ನೆತ್ತಿ ತಣ್ಣಗಾಯಿತು. ನನಗೆ ಅಳು ಬಂತು, ಖುಷಿಯೂ ಆಯಿತು. ಧಾರೆಗೂ ಹಾಗೇ ನಿಂತೆ. ಬೀಗಿತಿ ಕೇಳಿದ್ದು ಒಂದೇ, ಊಟ ಮಾಡಿದಿರಾ ಅಂತ.

ಮೊನ್ನೆ ಆಲ್ಬಂ ಬಂತು. ತೆರೆದರೆ, ಸುರಗಿಯ ಫೋಟೋದಲ್ಲಿ ನನ್ನ ತಲೆ ತುಂಬಾ ದಟ್ಟ ಕೂದಲು!

"ಕಂಪ್ಯೂಟರ್ನಾಗೆ ನಾನೇ ಸರಿ ಮಾಡೀನ್ರೀ ಅಮ್ಮಾವ್ರೆ. ಫ್ರೀ ಸರ್ವಿಸ್ಸು" ಎಂದ ಫೋಟೋಗ್ರಾಫರ್, ಹಲ್ಲು ಕಿರಿದು.

ಈಗ ನೀವೇ ಹೇಳಿ, ನನ್ನ ಮಗನ ಕೈ ಹಿಡಿದು ಸುರಗಿಯಲ್ಲಿ ಕೂತಿರುವ ಈ ಹೆಂಗಸು ಯಾರು?