ಮೂವತ್ತಾರನೆಯವರು

ಬಸ್ಸು ಕಬ್ಬಿನ ಗದ್ದೆಗೆ ಮಗುಚಿ ಬಿದ್ದಿದೆ. ಒಳಗಿಂದ ಜನ ಕೂಗುತ್ತಿದ್ದಾರೆ. ಇತ್ತ ರಸ್ತೆಯ ಮೇಲೆ ಒಬ್ಬ ಮುದುಕ ಬೆರಳು ಮಡಿಸುತ್ತ ತಲೆ ಎಣಿಸುತ್ತಿದ್ದಾನೆ! ನಾನು ಕಲಬುರಗಿ ಕಡೆಯಿಂದ ಆಂಬುಲೆನ್ಸಿನ ಕೆಲಸಕ್ಕೆ ಭದ್ರಾವತಿಗೆ ಬಂದು ಆಗ ಎರಡೇ ತಿಂಗಳು. ಇದೆಂಥ ಊರಪ್ಪ ಅನ್ನಿಸಿತು.

ಆ ಮುದುಕ ನನ್ನ ಮನೆ ಮಾಲೀಕ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ತಂಗವೇಲು; ಸುದ್ದಿ ತಿಳಿದು ಬಂದಿದ್ದರು. ನ್ಯೂ ಟೌನಿನಲ್ಲಿ ರೂಮು ಕೊಟ್ಟು, ಮೊದಲ ದಿನವೇ ಕಡುಬು ಕಳಿಸಿದ್ದರು. ನಮ್ಮಲ್ಲಿ ಕಡುಬೆಂದರೆ ಹೂರಣದ ಸಿಹಿ. ಇಲ್ಲಿ ಅದು ಅಕ್ಕಿತರಿಯ ಉಂಡೆ. ಚಟ್ನಿಯಲ್ಲಿ ಅದ್ದಿ ತಿನ್ನುವುದನ್ನು ನಾಲಿಗೆ ಕಲಿಯಿತು. ಸಂಜೆಯಾದರೆ ಮಾತಿಗೆ ಜನವಿಲ್ಲದೆ ಇರುವುದನ್ನು ಮಾತ್ರ ಕಲಿಯಲಾಗಲಿಲ್ಲ.

ನಮ್ಮೂರಲ್ಲಿ ಗಾಡಿ ಬಿದ್ದರೆ ಇಡೀ ಓಣಿಯೇ ನುಗ್ಗಿ ಎಳೆಯುತ್ತದೆ. ನಾನೂ ಹಾಗೇ ನುಗ್ಗಿದೆ. ಅಗ್ನಿಶಾಮಕದ ಅಧಿಕಾರಿ ರಟ್ಟೆ ಹಿಡಿದು ನಿಲ್ಲಿಸಿದರು.

"ಏ ಮಾರಾಯ, ಡೀಸೆಲ್ ಸೋರ್ತಿದೆ, ಬಸ್ಸು ಅಲ್ಲಾಡ್ತಿದೆ. ನೀನೂ ಸಿಕ್ಕಾಕ್ಕೊಂಡ್ರೆ ನಿನ್ನ ಹೊರೋರ್ಯಾರು? ನಾವು ತಂದ್ಕೊಡ್ತೀವಿ, ನೀನು ಇಲ್ಲಿ ನೋಡ್ಕೊ."

ಅವರು ಒಳಗಿನವರನ್ನು ತೆಗೆಯುವುದು, ನಾನು ಯಾರು ಮೊದಲು ಹೋಗಬೇಕೆಂದು ನೋಡುವುದು, ಪೊಲೀಸರು ಶಿವಮೊಗ್ಗದ ದಾರಿಯನ್ನು ಆಂಬುಲೆನ್ಸುಗಳಿಗೆ ತೆರವು ಮಾಡುವುದು ಎಂದು ಕೆಲಸ ಹಂಚಿಕೆಯಾಯಿತು. ಸಣ್ಣಪುಟ್ಟ ಗಾಯದವರನ್ನು ಆಟೋದವರು ಬಾಡಿಗೆ ಕೇಳದೆ ಒಯ್ದರು. ಬಸ್ಸು ಖಾಲಿಯಾಯಿತು, ಗಾಯಾಳುಗಳೆಲ್ಲ ಹೊರಟುಹೋದರು. ನಾನು ನನ್ನ ಖಾಲಿ ಗಾಡಿಯ ಬಾಗಿಲು ಹಾಕುತ್ತಿದ್ದಾಗ ತಂಗವೇಲು ಅಡ್ಡ ಬಂದರು.

"ಹಾಕ್ಬೇಡ. ಕಂಡಕ್ಟರ್ ಹೇಳೋದು ಮೂವತ್ತಾರು. ನನಗೆ ಸಿಕ್ಕಿದ್ದು ಮೂವತ್ತೈದು."

"ಇದೇನು ಹಾಜರಿ ಪುಸ್ತಕ ಏನ್ರಿ ಯಜಮಾನ್ರ? ಯಾರರೆ ಆಟೋದಾಗ ಹೋಗಿರ್ತಾರ."

"ಅವ್ರನ್ನೂ ಸೇರ್ಸಿದೀನಿ ಕಣಯ್ಯ. ಕಾರ್ಖಾನೇಲಿ ಸೈರನ್ ಆದ್ರೆ ಗೇಟಲ್ಲಿ ಮೊದ್ಲು ತಲೆ ಎಣಿಸ್ತಿದ್ವಿ. ಒಳಗೆ ಉಳಿದೋನು ಯಾವಾಗ್ಲೂ ಕೂಗಲ್ಲಪ್ಪ."

ನಾನು ನಕ್ಕೆ. ಪಿಎಸ್ಐ ನಗಲಿಲ್ಲ. ಆಸ್ಪತ್ರೆಗಳನ್ನು ವಿಚಾರಿಸಿದರು, ಅಲ್ಲಿ ಸೇರಿದವರನ್ನು ಕೂಡಿಸಿದರೂ ಮೂವತ್ತೈದೇ. ಸುತ್ತಿಡುತ್ತಿದ್ದ ಹಗ್ಗವನ್ನು ಬಿಟ್ಟು ಅಗ್ನಿಶಾಮಕದವರು ಸಾಲಾಗಿ ಕಬ್ಬಿಗಿಳಿದರು. ಹದಿನೈದೇ ಹೆಜ್ಜೆ. ಬದುವಿನಾಚೆ ಒಬ್ಬ ಹೆಂಗಸು ಬಿದ್ದಿದ್ದರು. ಕಿಟಕಿಯಿಂದ ಹೊರಗೆ ಸಿಡಿದು ಬಿದ್ದವರು, ಉಸಿರಿತ್ತು, ದನಿಯಿರಲಿಲ್ಲ. ನನ್ನ ಗಾಡಿ ಹೊರಟುಹೋಗಿದ್ದರೆ? ಆ ಪ್ರಶ್ನೆಯನ್ನು ನಾನಿನ್ನೂ ಪೂರ್ತಿ ಕೇಳಿಕೊಂಡಿಲ್ಲ.

ಆಮ್ಲಜನಕ ಕೊಟ್ಟು ಶಿವಮೊಗ್ಗಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಆಕೆ ಕಣ್ಣು ಬಿಟ್ಟು ನನ್ನ ಬೆರಳು ಹಿಡಿದರು. ಹೆಸರು ಮೆಹಬೂಬಿ, ಭದ್ರಾವತಿಯ ಹಳೇ ಊರಿನವರು. ದಖ್ಖನಿ ಉರ್ದುವಿನಲ್ಲಿ ಕೇಳಿದರು: "ಕಿಧರ್ ಕಾ ಬೇಟಾ?" ಎಲ್ಲಿಯವನಪ್ಪ ಅಂತ. ಅವರಿಗೆ ಧೈರ್ಯ ಬರಲೆಂದು ನಮ್ಮೂರಿನ ಗೆಳೆಯರಿಂದ ಕಲಿತ ದಖ್ಖನಿಯಲ್ಲೇ, "ಇಧರ್ ಕಾಚ್, ಅಮ್ಮಾ" ಅಂದೆ. ಇಲ್ಲಿಯವನೇ.

ಆ ನೋವಿನಲ್ಲೂ ಆಕೆ ತುಟಿ ಓರೆ ಮಾಡಿದರು.

"ಸುಳ್ಳು ಹೇಳ್ತೀಯಲ್ಲೋ. ನಿನ್ ಮಾತು ದೂರದ್ದು," ಕನ್ನಡದಲ್ಲೇ ಅಂದು ಕಣ್ಣು ಮುಚ್ಚಿದರು. "ಇರ್ಲಿ, ಕೈ ಬಿಡ್ಬೇಡ."