ಪ್ಲಾಸ್ಟಿಕ್ಕಿನೊಳಗಿನ ಅಸಲು

ನನ್ನ ಮೊಮ್ಮಗಳಿಗೆ ಕೆನಡಾದಲ್ಲಿ ಖಾಯಂ ಇರಲು ಪರವಾನಗಿ ಸಿಕ್ಕಿದೆ! ಈ ಸಂತೋಷ ಹೇಳುವಾಗಲೆಲ್ಲ ಯಲಬುರ್ಗಾ ತಹಸೀಲ್ ಕಚೇರಿ ಮುಂದೆ ಅರ್ಜಿ ಟೈಪ್ ಮಾಡುತ್ತಿದ್ದ ಅಣ್ಣಾರ ಸಪ್ಪೆ ಮುಖ ಕಣ್ಣಿಗೆ ಬರುತ್ತದೆ.

ಕಾಗದ ಮುಟ್ಟುವ ಮುನ್ನ ಅವರು ಧೋತರಕ್ಕೆ ಕೈ ಒರೆಸಿಕೊಳ್ಳುತ್ತಿದ್ದರು. ಯಾರೇ ಬರಲಿ, "ಝೆರಾಕ್ಸ್ ಒಳಗಿಡ್ರಿ, ಅಸಲು ತೋರಸ್ರಿ" ಎನ್ನುತ್ತಿದ್ದರು.

ಸಂದರ್ಶನಕ್ಕೆ ಮೊಮ್ಮಗಳ ಅಸಲು ಜನನ ಪತ್ರ ಬೇಕಿತ್ತು. ಕಳಿಸುವ ಮೊದಲು ಅದರ ಮೇಲೆ ಸರಕಾರಿ ಮುದ್ರೆ, ಅಂದರೆ ಶಿಕ್ಕಾ, ಹಾಕಿಸಬೇಕಿತ್ತು. ನಾಲ್ಕನೇ ಇಯತ್ತೆವರೆಗಷ್ಟೇ ಶಾಲೆ ಕಲಿತ ನಾನು, ಜಿರಲೆ ತಿನ್ನಬಾರದೆಂದು ಅದಕ್ಕೆ ಲ್ಯಾಮಿನೇಶನ್ ಮಾಡಿಸಿಟ್ಟಿದ್ದೆ. ಅದನ್ನೇ ಒಯ್ದು ಅವರ ಮುಂದಿಟ್ಟೆ.

"ಯವ್ವಾ, ಏನ್ ಮಾಡೀರಿ? ಪ್ಲಾಸ್ಟಿಕ್ ಮ್ಯಾಲ ಶಿಕ್ಕಾ ಹೆಂಗ ಹತ್ತತೈತಿ?"

"ಅದಕ್ಕ ಅಂಗಿ ತೊಡಿಸೀನ್ರಿ. ಬಿಚ್ಚಿದ್ರಾತು," ಎಂದು ನಕ್ಕೆ.

ಅವರು ಬ್ಲೇಡಿನಿಂದ ಅಂಚು ಕೊಯ್ದು ಮೆಲ್ಲಗೆ ಬಿಡಿಸಿದರು. ಅರ್ಧಕ್ಕೆ ಬರುವಷ್ಟರಲ್ಲಿ ಪತ್ರದ ಮೇಲಿದ್ದ ಸಾಹೇಬರ ಸಹಿ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಕಿತ್ತು ಬಂತು. ಸಂದರ್ಶನಕ್ಕೆ ಹದಿನೈದೇ ದಿನ ಉಳಿದಿತ್ತು. ನಾನು ಅತ್ತುಬಿಟ್ಟೆ. ಮರುದಿನದಿಂದ ಅವರು ಟೈಪ್ ಮಷೀನು ಮುಚ್ಚಿಟ್ಟು, ಮೊಮ್ಮಗಳು ಹುಟ್ಟಿದ ಕುಷ್ಟಗಿಗೆ ದಿನಾ ಬಸ್ಸಿನಲ್ಲಿ ಹೋದರು. ಐದನೇ ದಿನ, ಹಳೆಯ ರಜಿಸ್ಟರ್ ಹುಡುಕಿಸಿ ಹೊಸ ಪತ್ರ ತಂದುಕೊಟ್ಟರು.

ಸಂದರ್ಶನ ಪಾಸಾದ ಸುದ್ದಿ ಬಂದ ದಿನ ಪೇಢಾ ಒಯ್ದೆ. "ಅಣ್ಣಾರ, ಬಾಯಿ ತೆಗೀರಿ! ನಮ್ಮ ಹುಡುಗಿ ಗೆದ್ಲು!"

"ಹೊಸಾ ಕಾಗದ ನೋಡಿ ಸಂದರ್ಶನದಾವ್ರು ಏನೂ ಅನ್ಲಿಲ್ಲೇನ್ರಿ?"

"ಒಂದ್ ಮಾತೂ ಅನ್ಲಿಲ್ರಿ."

ಪೇಢಾ ತಿಂದರು, ನಗಲಿಲ್ಲ. ಅಷ್ಟರಲ್ಲಿ ಒಬ್ಬ ಮುದುಕ ಬಂದು ತನ್ನ ಹೊಲದ ಹಳೆಯ ಅಸಲು ಪತ್ರ ಚಾಚಿದ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ನೀವ ಹಿಡಕೊಳ್ರಿ, ನಾ ಇಲ್ಲಿಂದನ ಓದತೀನಿ."